ನಡುರಾತ್ರಿ ನಮ್ಮ ಕ್ಯಾಮೆರಾ ಯಾರನ್ನು ಕರೀತಿತ್ತು?

ಪಂಪ್‌ಸೆಟ್ಟಿನ ಕೇಬಲ್ ಎರಡು ಸಲ ಕಳುವಾದ ಮೇಲೆ ಮೋಟರ್ ಮನೆಗೊಂದು, ಕೊಟ್ಟಿಗೆಗೊಂದು ಕ್ಯಾಮೆರಾ ಹಾಕಿಸಿದೆ. ಎರಡೂ ಸೇರುವುದು ಮನೆಯೊಳಗಿನ ರೆಕಾರ್ಡರ್ ಪೆಟ್ಟಿಗೆಗೆ. ಅಗ್ಗಕ್ಕೆ ಸಿಕ್ಕಿದ ಹಳೇ ಮಾಲು. ಮದ್ದೂರಿನಲ್ಲಿ ನಿಂತೇ ಫೋನಿನಲ್ಲಿ ಹಸು ನೋಡಬಹುದಿತ್ತು. ಆದರೆ ರಾತ್ರಿಯಾದರೆ ಇಂಟರ್‌ನೆಟ್ ತೆವಳತೊಡಗಿತು. ಮಕ್ಕಳು ಸಿನಿಮಾ ನೋಡ್ತವೆ ಅಂತ ಬೈದೆ. ತಪ್ಪು ಅವರದ್ದಾಗಿರಲಿಲ್ಲ.

ಹಬ್ಬಕ್ಕೆ ಬಂದ ತಮ್ಮನ ಮಗ ರೂಟರಿಗೆ ಓಪನ್‌ವರ್ಟ್ ಎಂಬ ಉಚಿತ ತಂತ್ರಾಂಶ ತುಂಬಿದ. ಮನೆ ರೂಟರಿನ ಫೈರ್‌ವಾಲ್ ಹೊರಗಿನಿಂದ ಕರೆಯದೆ ಬಂದವರನ್ನು ತಡೆಯುತ್ತದೆ. ಒಳಗಿನಿಂದ ಹೊರಟವರನ್ನು ಸಾಮಾನ್ಯವಾಗಿ ಕೇಳುವುದೇ ಇಲ್ಲ. "ತೂಬು ಕಾಯ್ತೀರಿ, ಬಸಿಗಾಲುವೇಲಿ ಏನ್ ಹೋಯ್ತದೆ ಅಂತ ನೋಡಲ್ಲ ಕಣ್ ದೊಡ್ಡಪ್ಪ" ಅಂದ. ಹೊರಗೆ ಹೋಗುವ ಪ್ರತಿ ಸಂಪರ್ಕವನ್ನೂ ಒಂದು ರಾತ್ರಿ ಬರೆದಿಡಲು ಹೇಳಿದೆವು.

ಬೆಳಗ್ಗೆ ಪಟ್ಟಿ ನೋಡಿ ಗಾಬರಿಯಾಯಿತು. ಗಾಬರಿಯಲ್ಲಿ ಅರ್ಧ ಸುಮ್ಮನೆ. ಪೋರ್ಟ್ 53 ಎಂದರೆ ವಿಳಾಸ ವಿಚಾರಿಸುವುದು. 123 ಎಂದರೆ ಗಂಟೆ ಕೇಳುವುದು. 443ರಲ್ಲಿ ಟಿವಿ, ಫೋನು ತಂತಮ್ಮ ಕಂಪನಿಯ ಜೊತೆ ಮಾತಾಡುತ್ತವೆ. ರೆಕಾರ್ಡರ್ ದೂರದ ಒಂದು ಸರ್ವರಿಗೆ ಸದಾ ಅಂಟಿಕೊಂಡಿತ್ತು, ಅದೂ ಕಳ್ಳತನವಲ್ಲ. ಫೋನು ನೇರವಾಗಿ ಮನೆಯೊಳಗೆ ನುಗ್ಗಲಾರದು. ಆದ್ದರಿಂದ ಪೆಟ್ಟಿಗೆಯೇ ಹೊರಗೆ ಹೋಗಿ ಕಾದಿರುತ್ತದೆ, ಫೋನು ಅಲ್ಲಿ ಅದನ್ನು ಹಿಡಿಯುತ್ತದೆ.

ಉಳಿದದ್ದು ಬೇರೆ. ಅದೇ ಪೆಟ್ಟಿಗೆ ನಿಮಿಷಕ್ಕೆ ನೂರಾರು ಅಪರಿಚಿತ ವಿಳಾಸಗಳ 23ನೇ ಪೋರ್ಟ್ ತಟ್ಟುತ್ತಿತ್ತು. ಅದು ಟೆಲ್ನೆಟ್ಟಿನ ಬಾಗಿಲು. ಕ್ಯಾಮೆರಾ ಪೆಟ್ಟಿಗೆಗೆ ಅಲ್ಲಿ ಏನೂ ಕೆಲಸವಿಲ್ಲ. ಸೋಂಕು ತಗುಲಿದ ಯಂತ್ರ ಇನ್ನೊಂದನ್ನು ಹುಡುಕುವ ಬಗೆ ಇದು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಹೀಗೆಯೇ ಹಬ್ಬಿತು. ಕಾರ್ಖಾನೆಯವರು ಇಟ್ಟ 60ಕ್ಕೂ ಹೆಚ್ಚು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡುವುದೇ ಅದರ ವಿದ್ಯೆ. ಆ ವರ್ಷ ಅಕ್ಟೋಬರ್ 21ರಂದು ಇಂಥ ಕ್ಯಾಮೆರಾ, ರೆಕಾರ್ಡರುಗಳ ದಂಡು ಡೈನ್ ಎಂಬ ಕಂಪನಿಯ ಮೇಲೆ ಬಿದ್ದು ಟ್ವಿಟರ್, ನೆಟ್‌ಫ್ಲಿಕ್ಸ್ ಅಮೆರಿಕದಲ್ಲಿ ಹಲವರಿಗೆ ಸಿಗದಂತಾಯಿತು. ನಮ್ಮಲ್ಲೂ 2017ರ ಜುಲೈನಲ್ಲಿ ಕರ್ನಾಟಕದ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳ ಮೇಲೆ ದಾಳಿಯಾಗಿ, ಮೂಲ ಪಾಸ್‌ವರ್ಡ್ ಬದಲಿಸಿ ಎಂದು ಗ್ರಾಹಕರಿಗೆ ಹೇಳಬೇಕಾಯಿತು. ನಮ್ಮ ಪೆಟ್ಟಿಗೆಯದೂ ಬಂದ ದಿನದ ಪಾಸ್‌ವರ್ಡೇ. ಮೇಲಾಗಿ ಹಿಂದಿನ ರೂಟರಿನಲ್ಲಿ ಯುಪಿಎನ್‌ಪಿ ಚಾಲೂ ಇದ್ದು, ಪೆಟ್ಟಿಗೆ ಕೇಳಿದ ಕಿಂಡಿಯನ್ನೆಲ್ಲ ಅದು ತೆರೆದುಕೊಟ್ಟಿತ್ತು.

ಮಿರಾಯ್ ಜಾತಿಯದು ಕೂರುವುದು ನೆನಪಿನ ಚಿಪ್ಪಿನಲ್ಲಿ ಮಾತ್ರ. ಕರೆಂಟ್ ತೆಗೆದು ಹಾಕಿದರೆ ಹೋಗುತ್ತದೆ. ಪಾಸ್‌ವರ್ಡ್ ಹಾಗೇ ಇದ್ದರೆ ಸ್ವಲ್ಪ ಹೊತ್ತಲ್ಲೇ ವಾಪಸ್. ತಂತಿ ಕಿತ್ತು, ಪೆಟ್ಟಿಗೆ ಆರಿಸಿ, ಪಾಸ್‌ವರ್ಡ್ ಬದಲಿಸಿದೆವು. ಕೆಲವು ಪೆಟ್ಟಿಗೆಗಳಲ್ಲಿ ಟೆಲ್ನೆಟ್ಟಿನದ್ದು ಬದಲಾಗುವುದೇ ಇಲ್ಲ. ಹಾಗಾಗಿ ಯುಪಿಎನ್‌ಪಿ ಬಂದ್ ಮಾಡಿ, ಪೆಟ್ಟಿಗೆ ಹೊರಗೆ ಕಾಲಿಡದಂತೆ ಫೈರ್‌ವಾಲಿಗೆ ನಿಯಮ ಬರೆದ. ಇಂಟರ್‌ನೆಟ್ ಮೊದಲಿನಂತಾಯಿತು.

ಎಡವಟ್ಟು ಆಮೇಲೆ. ಒಂದು ದಿನ ಕರೆಂಟ್ ಹೋಗಿ ಬಂತು. ಪೆಟ್ಟಿಗೆಯೊಳಗಿನ ಸೆಲ್ ಸತ್ತಿತ್ತು, ಗಡಿಯಾರ 2000ನೇ ಇಸವಿಗೆ ಹೋಯಿತು. ಗಂಟೆ ಕೇಳುವ ದಾರಿಯನ್ನೂ ನಾವೇ ಮುಚ್ಚಿದ್ದೆವಲ್ಲ! ಅದೇ ವಾರ ಮೂರನೇ ಸಲ ಕೇಬಲ್ ಹೋಯಿತು. ಚಿತ್ರದಲ್ಲಿ ಇಬ್ಬರು ಸ್ಪಷ್ಟವಾಗಿದ್ದರು. ತೋರಿಸಲು ಹೋದರೆ ಮೊದಲ ಪ್ರಶ್ನೆ, "ಇದೇನ್ ಗೌಡ್ರೆ, 2000ನೇ ಇಸವೀದು?" ನಾನೇನು ಹೇಳಲಿ?

ಈಗ ರೂಟರೇ ಗಂಟೆ ಹೇಳುತ್ತದೆ, ಪೆಟ್ಟಿಗೆ ಅದನ್ನೇ ಕೇಳುತ್ತದೆ. ಸೆಲ್ಲೂ ಹೊಸದು. ತಿಂಗಳಿಗೊಮ್ಮೆ ಪಟ್ಟಿ ನೋಡುತ್ತೇನೆ. ಹೊಸ ವಿಳಾಸ ಕಂಡರೆ ಯಾವ ಯಂತ್ರದ್ದು, ಯಾವ ಪೋರ್ಟು, ಎಷ್ಟು ಸಲ ಎಂದು ಬರೆದಿಟ್ಟು ಹುಡುಗನಿಗೆ ಫೋನ್ ಮಾಡುತ್ತೇನೆ. ಪೇಟೆಯಲ್ಲಿ ನಿಂತು ಹಸು ನೋಡುವುದು ಸದ್ಯಕ್ಕಿಲ್ಲ. ವೈರ್‌ಗಾರ್ಡ್ ಅಂತ ಒಂದಿದೆ, ಅದರಲ್ಲಿ ಮನೆಯವರಿಗೆ ಮಾತ್ರ ದಾರಿ ಬಿಡಬಹುದಂತೆ. ದೀಪಾವಳಿಗೆ ಅವನು ಬರಲಿ, ನೋಡೋಣ.