ಮಾವಿಗೆ ಉಪವಾಸ, ತೆಂಗಿಗೆ ನೀರು

ದೀಪಾವಳಿ ಕಳೆದ ಮೇಲೆ ನಮ್ಮ ಕಡೆಯ ತೋಟಗಳಲ್ಲಿ ಮಾವಿನ ಸಾಲಿನ ಗೇಟ್‌ವಾಲ್ವ್ ಮುಚ್ಚುತ್ತಾರೆ. ಪಕ್ಕದ ತೆಂಗಿನ ಸಾಲಿನದು ತೆರೆದೇ ಇರುತ್ತದೆ. ಸ್ವಾತಿ ಮಳೆ ಹಿಂದಾದ ಮೇಲೆ ಮಾವು ಒಂದೆರಡು ತಿಂಗಳು ಬಾಯಾರಿ ನಿಲ್ಲಬೇಕು. ಆಗ ನೀರು ಕುಡಿದರೆ ಹೂವಿನ ಬದಲು ಎಲೆ ಚಿಗುರುತ್ತದೆ, ಆ ವರ್ಷದ ಫಸಲು ಕೈತಪ್ಪುತ್ತದೆ. ತೆಂಗಿಗೆ ಅದೇ ತಿಂಗಳು ನೀರು ತಪ್ಪಿದರೆ ಹರಳು ಉದುರುತ್ತದೆ. ಇಪ್ಪತ್ತಡಿ ಅಂತರದಲ್ಲಿರುವ ಎರಡು ಮರಗಳ ಈ ಬೇರೆ ಬೇರೆ ಹಟವನ್ನು ನಡೆಸಿಕೊಡಬಲ್ಲವರ ಕೈಯಲ್ಲಿ ಮಾತ್ರ ತೋಟ ನಿಲ್ಲುತ್ತದೆ.

ಒಂದೇ ಬೇಲಿಯೊಳಗೆ ಮಾವು, ತೆಂಗು, ಬಾಳೆ, ಹಿಪ್ಪುನೇರಳೆ. ಬದುವಿನ ಮೇಲೆ ಹೊಂಗೆ, ಬೇವು, ಹಲಸು. ಮನೆ ಬಾಗಿಲ ಹಿಂದೆ ಸೊಪ್ಪು, ತರಕಾರಿಯ ಹಿತ್ತಲು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಕೂಡುಕುಟುಂಬದ ತೋಟ ಎಂದರೆ ಇದು. ಇಲ್ಲಿ ಮಳೆ ಎರಡು ಸಲ ಜೋರಾಗುತ್ತದೆ: ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೂ ಹೆಚ್ಚಾಗಿ ಇನ್ನೊಮ್ಮೆ. ನಡುವಿನದು ಜಡಿ ಮಳೆಯ ಕಾಲ. ಗಿಡ ನೆಡಲು ಹಿರಿಯರು ಆರಿಸಿಕೊಂಡದ್ದು ಆ ಜಡಿಯನ್ನೇ.

ಕೆಲಸ ಶುರುವಾಗುವುದು ಬೇಸಿಗೆಯಲ್ಲಿ, ಗುಣಿ ತೆಗೆಯುವುದರಿಂದ. ಮೂರಡಿ ಉದ್ದಗಲ, ಮೂರಡಿ ಆಳ. ಬಿಸಿಲು ಚೆನ್ನಾಗಿ ಕುಡಿದ ಮೇಲೆ ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ, ಕೆರೆಗೋಡು ಬೆರೆಸಿ ತುಂಬುತ್ತಾರೆ. ಕೃತ್ತಿಕೆ, ರೋಹಿಣಿ ಮಳೆಗೆ ಮಣ್ಣು ಕೂರುತ್ತದೆ, ಆರಿದ್ರೆಯಲ್ಲಿ ಬಾದಾಮಿ ಮಾವಿನ ಕಸಿಗಿಡ ಕೂರಿಸುತ್ತಾರೆ. ಕಸಿಯ ಗಂಟು ಮಣ್ಣಿನ ಮೇಲೇ ಇರಬೇಕು. ಗಂಟಿನ ಕೆಳಗೆ ಒಡೆಯುವ ಚಿಗುರು ಬಾದಾಮಿಯದಲ್ಲ, ಬೇರು ಕೊಟ್ಟ ವಾಟೆ ಗಿಡದ್ದು. ಅದನ್ನು ಎಳೆಯದರಲ್ಲೇ ಚಿವುಟದಿದ್ದರೆ ಮೇಲಿನ ಬಾದಾಮಿ ಸೊರಗುತ್ತದೆ. ಮೊದಲ ಬೇಸಿಗೆಯಂತೂ ಕೊಡ ಹೊರುವ ಕಾಲ. ಮಾಗಡಿ ತಾಲ್ಲೂಕಿನ ಹುಲಿಕಲ್-ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ, ಅವರ ಪತಿ ಚಿಕ್ಕಯ್ಯ 385 ಆಲದ ಮರಗಳನ್ನು ಸಾಕಿದ್ದೂ ಹೀಗೆಯೇ: ಮಳೆಗಾಲಕ್ಕೆ ಸಸಿ, ಸುತ್ತ ಮುಳ್ಳಿನ ಬೇಲಿ, ಬೇಸಿಗೆಗೆ ಹೊತ್ತು ತಂದ ನೀರು.

ಮೂವತ್ತಡಿಗೊಂದು ಮಾವು ನೆಟ್ಟರೆ, ಮೊದಲ ಕೆಲವು ವರ್ಷ ಮನೆಯನ್ನು ಸಾಕುವುದು ಗಿಡಗಳ ನಡುವಿನ ಬಯಲು. ಅಲ್ಲಿ ರಾಗಿ ಬಿತ್ತಿ, ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಇಡುತ್ತಾರೆ. ಒಂದೊಂದೂ ತನ್ನ ಸರದಿಗೆ ಮನೆ ಸೇರುತ್ತದೆ. ರಾಗಿ ಕೊಯ್ದ ಮೇಲೂ ಅವರೆ ಹೊಲದಲ್ಲೇ ನಿಂತು ಇಬ್ಬನಿ ಕುಡಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನವರು ಸೊಗಡು ಹುಡುಕಿಕೊಂಡು ಕೊಳ್ಳುವ ಮಾಗಡಿ ಅವರೆಕಾಯಿಯ ರುಚಿ ಆ ಚಳಿಯದು. ಮರ ಬೆಳೆದು ನೆರಳು ಕೂಡಿಕೊಂಡ ಮೇಲೆ ರಾಗಿಗೆ ಅಲ್ಲಿ ಜಾಗವಿಲ್ಲ. ಅರಿಶಿನ, ಸುವರ್ಣಗಡ್ಡೆ ಬರುತ್ತವೆ.

ಎಲ್ಲಕ್ಕಿಂತ ಕಷ್ಟ ಮಾವು, ಹಿಪ್ಪುನೇರಳೆ ಎರಡನ್ನೂ ಒಂದೇ ಬೇಲಿಯೊಳಗೆ ಬಾಳಿಸುವುದು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಹಾಗಾಗಿ ಇಲ್ಲಿ ಒಂದಿಷ್ಟಾದರೂ ಹಿಪ್ಪುನೇರಳೆ ಕಡ್ಡಿ ನೆಡದ ತೋಟ ಅಪರೂಪ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಕೊಟ್ಟ ವಿ-1 ತಳಿ ನೀರಿದ್ದರೆ ವರ್ಷಕ್ಕೆ ಐದು ಸಲ ಸೊಪ್ಪು ಕೊಡುತ್ತದೆ. ಆದರೆ ಮಾವು ಹೂಬಿಡುವ ಹೊತ್ತಿಗೆ ಜಿಗಿಹುಳ, ಬೂದಿ ರೋಗ ಬರುತ್ತವೆ, ಔಷಧಿ ಹೊಡೆಯಲೇಬೇಕಾಗುತ್ತದೆ. ಆ ಔಷಧಿಯ ಒಂದು ತುಂತುರು ಗಾಳಿಯಲ್ಲಿ ತೇಲಿ ಸೊಪ್ಪಿನ ಮೇಲೆ ಕೂತರೂ ಸಾಕು, ಅದನ್ನು ಮೇಯ್ದ ರೇಷ್ಮೆಹುಳ ಉಳಿಯುವುದಿಲ್ಲ.

ನಮ್ಮ ಮನೆಯಲ್ಲೇ ಒಂದು ಜನವರಿ ಹಾಗಾಯಿತು. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳ; ರಾತ್ರಿ ಹುಳದ ಮನೆ ಹೊಕ್ಕರೆ ಸೊಪ್ಪು ಮೇಯುವ ಸದ್ದು ಸೋನೆ ಮಳೆಯ ಹಾಗೆ ಕೇಳುತ್ತಿತ್ತು. ಬೆಳಗ್ಗೆ ನೋಡಿದರೆ ಸದ್ದಿಲ್ಲ. ಹುಳಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತ, ಹಸಿರು ರಸ ಕಕ್ಕುತ್ತ, ಮೈ ಮುದುಡಿಕೊಳ್ಳುತ್ತಿದ್ದವು. ಇನ್ನೊಂದು ವಾರಕ್ಕೆ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಹತ್ತಬೇಕಾದವು. ಮಾವಿಗೆ ಔಷಧಿ ಹೊಡೆದವರು ನಾವೇ. ಅಪ್ಪ ಆ ದಿನ ಊಟ ಮಾಡಲಿಲ್ಲ.

ಆಮೇಲೆ ತೋಟದ ರೂಪ ಬದಲಾಯಿತು. ಮಾವಿಗೂ ಕಡ್ಡಿಗೂ ನಡುವೆ ಎರಡು ಸಾಲು ತೆಂಗು ಎದ್ದವು. ಚಾಕಿ ಹುಳ, ಅಂದರೆ ಎಳೆಯ ಮರಿಹುಳ, ತರುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತೇವೆ. ಮೊಟ್ಟೆ ಒಡೆದಂದಿನಿಂದ ಗೂಡು ಕಟ್ಟುವವರೆಗೆ ಸುಮಾರು ಇಪ್ಪತ್ತೈದು ದಿನ. ಮಾವು ಹೂ ಬಿಡುವ ಮೊದಲೇ ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ಯಬೇಕು, ಆಗದಿದ್ದರೆ ಆ ಬೆಳೆಯನ್ನೇ ಕೈಬಿಡಬೇಕು. ಎರಡು ಆಸೆ ಒಟ್ಟಿಗೆ ಬೇಡವೆಂದು ಕಲಿತಿದ್ದೇವೆ.

ಏಪ್ರಿಲ್‌ನಲ್ಲಿ ಬಾದಾಮಿ ಕೀಳುತ್ತಾರೆ. ಕೋಲಾರದ ಶ್ರೀನಿವಾಸಪುರದ ಹಣ್ಣು ಬರುವ ಮುಂಚೆಯೇ ರಾಮನಗರದ್ದು ಪೇಟೆಯಲ್ಲಿರುತ್ತದೆ. ಆ ಕೆಲವು ವಾರಗಳೇ ಇಲ್ಲಿನ ರೈತರ ಬಲ. ತೊಟ್ಟು ಸಹಿತ ಕೊಯ್ದು, ಸೊನೆ ಕಾಯಿಯ ಮೈಗೆ ಹತ್ತದ ಹಾಗೆ ಇಳಿಸಬೇಕು, ಇಲ್ಲದಿದ್ದರೆ ಸಿಪ್ಪೆ ಸುಟ್ಟು ಕಪ್ಪಾಗುತ್ತದೆ. ಕಾವೇರಿ ವನ್ಯಧಾಮದ ಅಂಚಿನ ಕನಕಪುರದ ಊರುಗಳಲ್ಲಿ ಮಾತ್ರ ಈ ಕಾಲ ನಿದ್ದೆಗೆಡಿಸುತ್ತದೆ. ಆನೆಗಳು ಬಾಳೆ, ಹಲಸು, ಮಾವು ಯಾವುದನ್ನೂ ಬಿಡುವುದಿಲ್ಲ. ವರ್ಷಗಟ್ಟಲೆ ಸಾಕಿದ ಮರದ ಕೊಂಬೆ ಒಂದು ರಾತ್ರಿಯಲ್ಲಿ ಮುರಿದು ಬಿದ್ದಿರುವುದನ್ನು ಕಂಡವರ ಸಂಕಟಕ್ಕೆ ಪರಿಹಾರದ ಹಣ ಸಾಲದು.

ನಮ್ಮ ತೋಟದಲ್ಲಿ ಗಾಳಿಗೆ ಉರುಳಿದ ಹಳೆಯ ರಸಪುರಿ ಮಾವಿನ ಜಾಗದಲ್ಲಿ ಈಗ ಮೂರು ವರ್ಷದ ಗಿಡವಿದೆ. ಈ ಸಲ ಮೈತುಂಬ ಹೂ ಬಿಟ್ಟಿತ್ತು. ಅವ್ವ ಒಂದೊಂದೇ ಗೊಂಚಲನ್ನು ಹೆಬ್ಬೆರಳ ಉಗುರಿನಿಂದ ಚಿವುಟುತ್ತಿದ್ದಳು, ಬೆರಳೆಲ್ಲ ಅಂಟು.

"ಒಂದೆರಡು ಕಾಯಾದ್ರೂ ಬಿಡಬಾರದೇನವ್ವ?" ಎಂದೆ.

"ಇನ್ನೂ ಮಗು ಕಣಪ್ಪ ಅದು. ಹೊರೋ ಶಕ್ತಿ ಬರ್ಲಿ," ಎಂದು ಮುಂದಿನ ಕೊಂಬೆ ಬಗ್ಗಿಸಿದಳು.