ಟ್ಯಾಂಕರ್ ನೀರಿನ ಬಿಲ್ ಯಾರ ಹೆಸರಿಗೆ?

ಮೂಡಿಗೆರೆ ಕಡೆ ಇಂಡಸ್ಟ್ರಿ ಎಲ್ಲಿದೆ ಅಂತ ಕ್ಲಾಸ್‌ನಲ್ಲಿ ಕೇಳುವವರೇ ಜಾಸ್ತಿ. ಕಾಫಿ, ಮೆಣಸು, ಮಳೆ, ವೀಕೆಂಡ್‌ಗೆ ಬರೋ ಟೂರಿಸ್ಟ್‌ಗಳು, ಇಷ್ಟೇ ಅಂತ ಎಲ್ಲರ ಲೆಕ್ಕ. ಆದರೆ ಕಾಫಿ ಪಲ್ಪಿಂಗ್ ಯೂನಿಟ್ ಕೂಡ ಒಂದು ಕಾರ್ಖಾನೆಯೇ. ಕೊಯ್ಲಿನ ಕಾಲದಲ್ಲಿ ಹಣ್ಣಿನ ಸಿಪ್ಪೆ ಬಿಡಿಸಿ, ಬೀಜದ ಮೇಲಿನ ಲೋಳೆ ತೊಳೆದಾಗ ಬರುವ ಕಂದು ಬಣ್ಣದ ಹುಳಿ ನೀರನ್ನು ತೊಟ್ಟಿಯಲ್ಲಿ ನಿಲ್ಲಿಸಿ ಸಂಸ್ಕರಿಸಬೇಕು. ಆ ತೊಟ್ಟಿಯ ಏರಿ ಒಡೆದರೆ ನೀರು ಹೋಗೋದು ಪಕ್ಕದ ಹಳ್ಳಕ್ಕೆ. ಇದೇ ತಾಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿಗೆ ಇಂಥ ಹಳ್ಳಗಳೇ ನೀರು ತರೋದು.

ಇದು ಎಷ್ಟು ದೊಡ್ಡ ವಿಷಯ ಅಂತ ಒಂದು ಲೆಕ್ಕ ಹಾಕಿ ನೋಡೋಣ (ಇಂಜಿನಿಯರಿಂಗ್ ಓದೋರು, ಬಿಡೋದುಂಟಾ). ಪಲ್ಪಿಂಗ್ ನೀರಿನ ಬಿಓಡಿ ಸಾವಿರಗಳಲ್ಲಿ ಇರುತ್ತೆ. ಲೀಟರಿಗೆ 5,000 ಮಿಲಿಗ್ರಾಂ ಅಂತ ಇಟ್ಟುಕೊಳ್ಳೋಣ. ನದಿಗೆ ಬಿಡುವ ತ್ಯಾಜ್ಯ ನೀರಿಗೆ ಇರುವ ಸಾಮಾನ್ಯ ಮಿತಿ 30. ಎರಡು ಲಕ್ಷ ಲೀಟರಿನ ಒಂದು ತೊಟ್ಟಿ ಖಾಲಿಯಾದರೆ ಅದಕ್ಕೆ ಬೇಕಾಗುವ ಆಮ್ಲಜನಕ 1,000 ಕೆ.ಜಿ. ಒಳ್ಳೆಯ ಹೊಳೆ ನೀರಲ್ಲಿ ಕರಗಿರೋದು ಲೀಟರಿಗೆ ಸುಮಾರು 8 ಮಿಲಿಗ್ರಾಂ. ಅಂದರೆ ಹನ್ನೆರಡೂವರೆ ಕೋಟಿ ಲೀಟರ್ ನೀರಿನ ಪೂರ್ತಿ ಆಮ್ಲಜನಕ ಒಂದು ತೊಟ್ಟಿಗೆ ಬೇಕು. ಗಾಳಿಯಿಂದ ಹೊಸ ಆಮ್ಲಜನಕ ಸೇರುತ್ತಾ ಇರುತ್ತೆ, ನಿಜ. ಆದರೆ ಬೇಸಿಗೆ ಹತ್ತಿರವಾಗುವಾಗ ಸಣ್ಣಗೆ ಹರಿಯುವ ಹಳ್ಳದಲ್ಲಿ ಮೀನುಗಳು ಅಷ್ಟು ಹೊತ್ತು ಕಾಯಲ್ಲ.

ಈಗ ಊರಿನ ಕಡೆಯಿಂದ ಯೋಚಿಸಿ. ಹಳ್ಳದ ನೀರು ನಾರುತ್ತಿದೆ ಅಂತ ಯಾರೋ ಫೋನ್ ಮಾಡ್ತಾರೆ. ಪಂಚಾಯಿತಿಯವರು ಪಂಪ್ ನಿಲ್ಲಿಸ್ತಾರೆ. ವಾಟರ್‌ಮ್ಯಾನ್ ರಾತ್ರಿಯೆಲ್ಲ ವಾಲ್ವ್ ತಿರುಗಿಸ್ತಾನೆ. ಟ್ಯಾಂಕರ್ ಬಾಡಿಗೆಗೆ ಬರುತ್ತೆ, ಏರಿ ಕಟ್ಟೋಕೆ ಜೆಸಿಬಿ ಬರುತ್ತೆ, ನೀರಿನ ಸ್ಯಾಂಪಲ್ ಲ್ಯಾಬಿಗೆ ಹೋಗುತ್ತೆ. ತೊಟ್ಟಿಯವರಿಗೆ ನೋಟಿಸ್ ಹೋಗಬಹುದು, ದಂಡವೂ ಬೀಳಬಹುದು. ಆದರೆ ಟ್ಯಾಂಕರ್ ಮತ್ತು ಜೆಸಿಬಿಯ ದುಡ್ಡು? ಸಾಮಾನ್ಯವಾಗಿ ಅದು ಪಂಚಾಯಿತಿ ಖಾತೆಯಿಂದಲೇ ಹೋಗುತ್ತೆ. ಅಂದರೆ ಆ ವರ್ಷ ಚರಂಡಿಗೋ ಬೀದಿದೀಪಕ್ಕೋ ಇಟ್ಟಿದ್ದ ದುಡ್ಡು.

ಇದಕ್ಕೆ ಕಾನೂನೇ ಇಲ್ಲ ಅಂತ ನಾವು ಅಂದ್ಕೊಂಡಿದ್ದೆವು. ಹುಡುಕಿದರೆ ಸಿಕ್ಕಿದ್ದು ಒಂದಲ್ಲ, ಎರಡು.

ಮೊದಲನೆಯದು 1986ರ ಪರಿಸರ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್. ಅಪಘಾತದಿಂದ ಮಿತಿ ಮೀರಿ ಮಾಲಿನ್ಯವಾದರೆ, ಅಥವಾ ಆಗುವ ಹಾಗಿದ್ದರೆ, ಆ ಜಾಗದ ಹೊಣೆ ಹೊತ್ತವರು ಕೂಡಲೇ ಅಧಿಕಾರಿಗಳಿಗೆ ತಿಳಿಸಬೇಕು, ಹಾನಿ ತಡೆಯೋಕೆ ಕೈಜೋಡಿಸಬೇಕು. ಅಧಿಕಾರಿಗಳು ಪರಿಹಾರ ಕೆಲಸಕ್ಕೆ ಮಾಡಿದ ಖರ್ಚನ್ನು ಬಡ್ಡಿ ಸಮೇತ, ಭೂಕಂದಾಯದ ಬಾಕಿ ವಸೂಲಿ ಮಾಡುವ ಹಾಗೆ ವಸೂಲಿ ಮಾಡಬಹುದು. ಕಂದಾಯ ಬಾಕಿ ಅಂದ್ರೆ ಮಲೆನಾಡಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ತಹಶೀಲ್ದಾರ್ ಕಚೇರಿಯಿಂದ ಕಾಗದ ಬಂದರೆ ಜಮೀನಿನ ತನಕ ಹೋಗುತ್ತೆ.

ಎರಡನೆಯದು 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆ, ಅಂದರೆ ಎನ್‌ಜಿಟಿ. ಯಾವ್ಯಾವ ಬಾಬ್ತಿಗೆ ಪರಿಹಾರ ಕೇಳಬಹುದು ಅಂತ ಇದರ ಕೊನೆಯಲ್ಲಿ ಒಂದು ಪಟ್ಟಿ ಇದೆ. ಸಾವು, ಗಾಯ, ಬೆಳೆ ನಷ್ಟದ ಜೊತೆಗೆ, ತೊಂದರೆಗೆ ಸಿಕ್ಕಿದವರಿಗೆ ನೆರವು ಕೊಡೋಕೆ ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ಮಾಡಿದ ಖರ್ಚೂ ಅದರಲ್ಲಿದೆ. ಸ್ಥಳೀಯ ಸಂಸ್ಥೆ ಅಂದ್ರೆ ಪಂಚಾಯಿತಿಯೂ ಬಂತು. ತಪ್ಪು ಯಾರದ್ದು ಅಂತ ಸಾಬೀತು ಮಾಡುವ ಅಗತ್ಯವೂ ಇಲ್ಲ, ಅಪಘಾತ ಆದದ್ದು ಅವರಲ್ಲಿ ಅನ್ನೋದು ಸಾಕು. ಈ ಯೋಚನೆ ಬಂದದ್ದು 1985ರಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿದ ಕೇಸಿನಿಂದ. ಅಪಾಯದ ಕೆಲಸದಿಂದ ಲಾಭ ಮಾಡೋರು ಅದರ ಹಾನಿಯನ್ನೂ ಪೂರ್ತಿ ಹೊರಬೇಕು, ನೆಪ ನಡೆಯಲ್ಲ ಅಂತ ಸುಪ್ರೀಂ ಕೋರ್ಟ್ ಆಗ ಹೇಳಿತು.

ಇದು ಬರೀ ಪುಸ್ತಕದ ಮಾತಲ್ಲ. 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್‌ನಲ್ಲಿ ಸ್ಟೈರೀನ್ ಸೋರಿತು. ಮರುದಿನವೇ ಎನ್‌ಜಿಟಿ 50 ಕೋಟಿ ರೂಪಾಯಿಯನ್ನು ಜಿಲ್ಲಾಧಿಕಾರಿ ಹತ್ತಿರ ಠೇವಣಿ ಇಡೋಕೆ ಕಂಪನಿಗೆ ಹೇಳಿತು. ತನಿಖೆ ಆಮೇಲೆ, ದುಡ್ಡು ಮೊದಲು. ದೊಡ್ಡ ಕಂಪನಿ, ದೊಡ್ಡ ನಗರ, ಎಲ್ಲ ಚಾನೆಲ್‌ಗಳ ಕ್ಯಾಮೆರಾ ಇದ್ದಾಗ ಇದು ಸಾಧ್ಯವಾಯ್ತು. ನಮ್ಮ ಹಳ್ಳದ ಹತ್ತಿರ ಕ್ಯಾಮೆರಾ ಬರಲ್ಲ.

ಭೋಪಾಲ್ ಆದ ಮೇಲೆ ಬಂದ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಬಗ್ಗೆ ಹೆಚ್ಚು ಜನಕ್ಕೆ ಗೊತ್ತು. ಅಪಾಯಕಾರಿ ವಸ್ತು ಇಟ್ಟುಕೊಳ್ಳೋರು, ಲಾರಿಯಲ್ಲಿ ಸಾಗಿಸೋರು ಕೂಡ, ವಿಮೆ ಮಾಡಿಸಲೇಬೇಕು. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ, ಬೆಂಕಿ ಹತ್ತಿ, ರಸ್ತೆ ಪಕ್ಕದ ಮನೆಯವರು ಸತ್ತದ್ದು ಘಟ್ಟದ ಮೇಲಿನವರಿಗೂ ನೆನಪಿದೆ. ಆದರೆ 1991ರಲ್ಲಿ ಬರೆದ ಮೊತ್ತ ನೋಡಿ: ಸಾವಿಗೆ 25,000, ಆಸ್ತಿ ಹಾನಿಗೆ ಹೆಚ್ಚೆಂದರೆ 6,000. ಆ ಪಟ್ಟಿಯಲ್ಲಿ ಇದ್ದದ್ದು ಸಂತ್ರಸ್ತರ ಚಿಕಿತ್ಸೆ, ಕೂಲಿ, ಆಸ್ತಿ ಇಂಥವು ಮಾತ್ರ. ಬೆಂಕಿ ಆರಿಸೋಕೆ ಬಂದವರ, ಊರು ಖಾಲಿ ಮಾಡಿಸಿದವರ ಖರ್ಚಿಗೆ ಅದರಲ್ಲಿ ಸಾಲೇ ಇರಲಿಲ್ಲ. ಹಾಗಾಗಿ ಪಂಚಾಯಿತಿಗೆ ದಾರಿ ಮೇಲಿನ ಎರಡೇ.

ಅಮೆರಿಕದಲ್ಲಿ 1980ರ ಸೂಪರ್‌ಫಂಡ್ ಕಾನೂನು ಶುದ್ಧೀಕರಣದ ಖರ್ಚನ್ನು ಕಂಪನಿಯ ಮೇಲೆ ಹಾಕುತ್ತೆ. ವಸೂಲಿ ಆಗದಿದ್ದರೆ ಸಣ್ಣ ಊರಿನ ಆಡಳಿತ ಒಂದು ಘಟನೆಗೆ 25,000 ಡಾಲರ್ ತನಕ ಕೇಂದ್ರದಿಂದ ಕೇಳಬಹುದು. ನಮ್ಮಲ್ಲಿ ಜಿಲ್ಲೆ ಮಟ್ಟದಲ್ಲಿ ಇಂಥದ್ದೊಂದು ನಿಧಿ ಇದ್ದರೆ ಪಂಚಾಯಿತಿ ಕೋರ್ಟಿನ ದಾರಿ ನೋಡುತ್ತಾ ಕೂರಬೇಕಾಗಿಲ್ಲ.

ಸಣ್ಣ ಬೆಳೆಗಾರರ ಗತಿ ಏನು ಅಂತ ನೀವು ಕೇಳಬಹುದು. ಎರಡು ಎಕರೆಯವರು ಬಹಳಷ್ಟು ಜನ ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿ ಚೆರಿ ಮಾಡ್ತಾರೆ, ಅವರಿಗೆ ಈ ನೀರೇ ಇಲ್ಲ. ತೊಟ್ಟಿ ಕಟ್ಟುವಷ್ಟು ಪಲ್ಪಿಂಗ್ ಮಾಡೋರಿಗೆ ಪಾರ್ಚ್‌ಮೆಂಟ್‌ನ ಒಳ್ಳೆ ರೇಟೂ ಸಿಗುತ್ತೆ. ಆ ರೇಟಿನಲ್ಲಿ ಏರಿ ಗಟ್ಟಿ ಮಾಡುವ ಖರ್ಚೂ ಸೇರಿರಬೇಕು ಅನ್ನೋದು ನಮ್ಮ ಅಭಿಪ್ರಾಯ.

ಕಾನೂನಿದ್ದೂ ಕೇಳಲು ಆಗದಿರೋದಕ್ಕೆ ದೊಡ್ಡ ಕಾರಣ ಸಪ್ಪೆಯಾದದ್ದು: ಆವತ್ತು ಯಾರೂ ಬರೆದಿಟ್ಟಿರಲ್ಲ. ಟ್ಯಾಂಕರ್ ಎಷ್ಟು ಟ್ರಿಪ್ ಬಂತು, ಜೆಸಿಬಿ ಎಷ್ಟು ಗಂಟೆ ಓಡಿತು, ವಾಟರ್‌ಮ್ಯಾನ್ ಎಷ್ಟು ರಾತ್ರಿ ದುಡಿದ, ಸ್ಯಾಂಪಲ್ ಎಲ್ಲಿಂದ ಎಷ್ಟು ಹೊತ್ತಿಗೆ ತೆಗೆದದ್ದು, ರಸೀದಿ ಎಲ್ಲಿ. ಪಿಡಿಓ ಹತ್ತಿರ ಒಂದು ಪುಸ್ತಕ, ಯಾರದ್ದಾದರೂ ಫೋನಿನಲ್ಲಿ ಸಮಯ ಬೀಳುವ ಫೋಟೋ, ಇಷ್ಟಿದ್ದರೆ ಜಿಲ್ಲಾಡಳಿತಕ್ಕೆ ಹಿಡಿದುಕೊಳ್ಳೋಕೆ ಏನೋ ಒಂದು ಸಿಗುತ್ತೆ. ರಜೆಗೆ ಊರಿಗೆ ಹೋದಾಗ ಪಂಚಾಯಿತಿಗೆ ಒಂದು ಸ್ಪ್ರೆಡ್‌ಶೀಟ್ ಮಾಡಿಕೊಡೋದು ನಮಗೆ ಅರ್ಧ ದಿನದ ಕೆಲಸ. ಪರಿಹಾರ ಕೇಳಿ ಎನ್‌ಜಿಟಿಗೆ ಹೋಗೋಕೆ ಐದು ವರ್ಷ ಟೈಮ್ ಇದೆ, ತಕ್ಕ ಕಾರಣ ಇದ್ದರೆ ಇನ್ನೂ 60 ದಿನ.