ಹಾರ್ಮೊನಿ ಹಡಗು ಹೊತ್ತು ತಂದುದು

ವರ್ಷಕ್ಕೊಮ್ಮೆ ಮಾತ್ರ ಬರುವ ಹಡಗಿನ ದಾರಿಯನ್ನು ಕಾಯುವ ಜನರ ಮನಃಸ್ಥಿತಿಯನ್ನು, ಮುಂಜಾನೆಯೊಳಗೆ ಲೋಕದ ಸಮಾಚಾರವೆಲ್ಲವನ್ನೂ ಅರಿತು ಮುಗಿಸುವ ನಾವು ಊಹಿಸಿಕೊಳ್ಳುವುದು ಸುಲಭವಲ್ಲ. ಇಂದು ಕೆನಡಾಕ್ಕೆ ಸೇರಿರುವ ಲ್ಯಾಬ್ರಡಾರಿನ ಹಿಮಾವೃತ ಕರಾವಳಿಯಲ್ಲಿ ಇನುಯಿಟ್ ಜನರಿಗೂ, ಅವರ ನಡುವೆ ನೆಲಸಿದ್ದ ಮೊರಾವಿಯನ್ ಸಭೆಯ ಮಿಷನರಿಗಳಿಗೂ ‘ಹಾರ್ಮೊನಿ’ ಎಂಬ ಹಡಗು ಹಿಟ್ಟು, ಬಟ್ಟೆ, ಮದ್ದು, ಕಾಗದಪತ್ರಗಳನ್ನು ತರುತ್ತಿದ್ದ ಮುಖ್ಯ ಬಾಂಧವ್ಯವಾಗಿತ್ತು. ಒಂದು ಹಡಗು ಜೀರ್ಣವಾದಾಗ ಅದೇ ಹೆಸರಿನ ಇನ್ನೊಂದು ಬರುತ್ತಿತ್ತು. ಏಳೆಂಟು ವರ್ಷ ತುಂಬಿದೊಡನೆ ವಿದ್ಯಾಭ್ಯಾಸಕ್ಕೆಂದು ಯೂರೋಪಿಗೆ ಹೊರಡಬೇಕಾಗಿದ್ದ ಮಿಷನರಿಗಳ ಮಕ್ಕಳನ್ನು ತಾಯಿತಂದೆಯರಿಂದ ಅಗಲಿಸಿ ಕೊಂಡೊಯ್ಯುತ್ತಿದ್ದುದೂ ಅದೇ.

ಅದೇ ಹಡಗು ಒಂದು ವರ್ಷ ವ್ಯಾಧಿಯನ್ನೂ ಹೊತ್ತು ತಂದಿತು. ಸುವಾರ್ತೆಯೂ ವ್ಯಾಧಿಯೂ ಒಂದೇ ಜಲಮಾರ್ಗದಲ್ಲಿ ಪಯಣಿಸುವುದು ಈ ಸಭೆಗೆ ಹೊಸದಾಗಿರಲಿಲ್ಲ. ಸ್ಯಾಕ್ಸನಿಯ ಹೆರ್ನ್‌ಹುಟ್ಟಿನಲ್ಲಿ ಕೌಂಟ್ ಜಿನ್ಜೆಂಡಾರ್ಫನ ಆಶ್ರಯದಲ್ಲಿ ಪುನಶ್ಚೇತನಗೊಂಡ ಈ ಸಣ್ಣ ಸಮುದಾಯದಿಂದ ಗ್ರೀನ್‌ಲ್ಯಾಂಡಿಗೆ ಮೊದಲ ಸೇವಕರು ಹೋಗಿ ಇಳಿದ 1733ರಲ್ಲಿಯೇ, ಕೋಪನ್‌ಹೇಗನ್ನಿನಿಂದ ಸ್ವದೇಶಕ್ಕೆ ಮರಳಿದ ಒಬ್ಬ ಗ್ರೀನ್‌ಲ್ಯಾಂಡ್ ಬಾಲಕನೊಡನೆ ಸಿಡುಬು ಬಂದು ಆ ನಾಡನ್ನು ಬರಿದುಮಾಡಿತು. ಅಲ್ಲಿ ಮೊದಲೇ ನೆಲಸಿದ್ದ ಲೂಥರನ್ ಪಾದ್ರಿ ಹಾನ್ಸ್ ಎಗೆಡೆಯ ಪತ್ನಿ ಗರ್ಟ್ರೂಡ್ ರಾಸ್ಕ್ ರೋಗಿಗಳನ್ನು ತಮ್ಮ ಮನೆಯೊಳಗೇ ಇರಿಸಿಕೊಂಡು ಶುಶ್ರೂಷೆ ಮಾಡಿ, 1735ರಲ್ಲಿ ತಾವೇ ತೀರಿಕೊಂಡರು. ಹೋಗುವುದು, ಉಳಿಯುವುದು, ಅಗತ್ಯವಾದರೆ ಅಲ್ಲಿಯೇ ಸಾಯುವುದು ಎಂಬ ಆದರ್ಶವು ಇಂತಹ ಉದಾಹರಣೆಗಳಿಂದ ಬಲವಾಯಿತು. ಆ ಆದರ್ಶವನ್ನು ನಾನು ಅಲ್ಪವೆಂದು ಹೇಳೆನು. ಆದರೆ ಸೇವಕನು ಏರಿ ಬಂದ ಹಡಗಿನ ವಿಚಾರದಲ್ಲಿ ಅದು ಮೌನವಾಗಿತ್ತೆಂಬುದನ್ನು ಗಮನಿಸಬೇಕು.

1918ರ ಸೆಪ್ಟೆಂಬರ್ ಕೊನೆಗೆ ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್ ಬಂದರಿಗೆ ಇನ್‌ಫ್ಲುಯೆಂಜಾ ಕಾಲಿಟ್ಟಿತ್ತು. ಅದೇ ಬಂದರಿನಿಂದ ಹೊರಟ ಹಾರ್ಮೊನಿ, ಲ್ಯಾಬ್ರಡಾರಿನ ಮಿಷನ್ ನೆಲೆಗಳಾದ ಹೆಬ್ರಾನ್, ಒಕಾಕ್‌ಗಳಲ್ಲಿ ಅಕ್ಟೋಬರ್ 27ರಂದು ಹೆಬ್ರಾನನ್ನೂ, ನವೆಂಬರ್ 4ರಂದು ಒಕಾಕನ್ನೂ ಮುಟ್ಟಿತು. ವಾಡಿಕೆಯಂತೆ ಜನರು ಸಂಭ್ರಮದಿಂದ ಬಂದು ಸರಕು ಇಳಿಸಿದರು. ಬಳಿಕ, ಅದು ಸೀಲ್ ಬೇಟೆಯ ಕಾಲವಾದುದರಿಂದ, ಕುಟುಂಬ ಕುಟುಂಬವಾಗಿ ದೂರದ ಬಿಡಾರಗಳಿಗೆ ಚೆದರಿಹೋದರು. ರೋಗವು ಅವರೊಡನೆ ಹೋಯಿತು. ಮನೆಯವರೆಲ್ಲರೂ ಏಕಕಾಲಕ್ಕೆ ಮಲಗಿದಲ್ಲಿ ನೀರು ಕೊಡುವವರಿಲ್ಲ, ಒಲೆ ಉರಿಸುವವರಿಲ್ಲ; ಎಷ್ಟೋ ಮಂದಿಯನ್ನು ಜ್ವರಕ್ಕಿಂತ ಚಳಿಯೂ ಹಸಿವೂ ಕೊಂದುವೆಂದು ತೋರುತ್ತದೆ. ಅನ್ನ ಹಾಕುವ ಕೈಗಳಿಲ್ಲದ ಬಂಡಿನಾಯಿಗಳು ಶವಗಳ ಮೇಲೆ ಬಿದ್ದ ಸಂಗತಿಯನ್ನು ಹೆಚ್ಚು ವಿಸ್ತರಿಸಲಾರೆ. ಒಕಾಕಿನ ಸುಮಾರು 260 ಜನರಲ್ಲಿ 200ಕ್ಕೂ ಹೆಚ್ಚು ಮಂದಿ ಸತ್ತರು, ವಯಸ್ಕ ಗಂಡಸರಲ್ಲಿ ಒಬ್ಬನೂ ಉಳಿಯಲಿಲ್ಲ. ಹೆಬ್ರಾನಿನ ನೆಲೆಯಲ್ಲಿದ್ದ ನೂರು ಮಂದಿಯಲ್ಲಿ ಬದುಕಿದವರು ಹದಿನಾಲ್ವರು. ಒಂದು ಬಿಡಾರದಲ್ಲಿ ಎಂಟು ವರ್ಷದ ಬಾಲಿಕೆಯೊಬ್ಬಳು ತನ್ನವರ ಶವಗಳ ನಡುವೆ ವಾರಗಟ್ಟಲೆ ಒಬ್ಬಳೇ ಉಳಿದು, ಕ್ರಿಸ್ಮಸ್ ಮೇಣದಬತ್ತಿಗಳ ಉರಿಯಲ್ಲಿ ಹಿಮವನ್ನು ಕರಗಿಸಿ ಕುಡಿದು ಜೀವ ಹಿಡಿದಿದ್ದಳೆಂದು ಮಿಷನರಿಗಳ ವೃತ್ತಾಂತ ಹೇಳುತ್ತದೆ.

ಒಕಾಕಿನಲ್ಲಿ ಹಿಂದೆ ಡಾಕ್ಟರ್ ಹಟ್ಟನ್ ಒಂದು ಆಸ್ಪತ್ರೆಯನ್ನು ನಡೆಸಿದ್ದರು. ಅವರು ಆ ನೆಲವನ್ನು ಬಿಟ್ಟು ಕೆಲವು ವರ್ಷಗಳೇ ಕಳೆದಿದ್ದುವು. ಈಗ ಅಲ್ಲಿದ್ದ ಪಾದ್ರಿ ಆಸ್ಬೋ ಮತ್ತು ಹೆಬ್ರಾನಿನ ಪೆರೆಟ್ ಅವರ ಪಾಲಿಗೆ ಬಂದುದು ಬೋಧನೆಯ ಕೆಲಸವಲ್ಲ, ಕಟ್ಟಿಗೆ ಹೊರುವ, ಗಂಜಿ ಕಾಯಿಸುವ, ನಾಯಿಗಳನ್ನು ಗುಂಡಿಕ್ಕುವ ಕೆಲಸ. ಒಕಾಕಿನಲ್ಲಿ ಉಳಿದ ಹೆಂಗಸರು ಕಲ್ಲಿನಂತೆ ಹೆಪ್ಪುಗಟ್ಟಿದ ನೆಲವನ್ನು ಬಹು ಪ್ರಯಾಸದಿಂದ ಅಗೆದು ಒಂದೇ ಹಳ್ಳದಲ್ಲಿ ತಮ್ಮವರನ್ನು ಹೂಳಿದರು. ಹೆಬ್ರಾನಿನಲ್ಲಿ ಅದೂ ಸಾಧ್ಯವಾಗದೆ, ಮಂಜುಗಡ್ಡೆಯಲ್ಲಿ ಕಿಂಡಿ ಕೊರೆದು ಶವಗಳನ್ನು ಸಮುದ್ರಕ್ಕೆ ಇಳಿಸಿದರು. ಬಡವ ಬಲ್ಲಿದರೆಂಬ ಭೇದವೆಣಿಸದೆ ಪ್ರತಿಯೊಬ್ಬನ ಸಮಾಧಿಗೂ ಒಂದೇ ಬಗೆಯ ಚಪ್ಪಟೆ ಕಲ್ಲನ್ನಿಡುವ ಸಂಪ್ರದಾಯವುಳ್ಳ ಸಭೆಗೆ ಇದೆಂತಹ ಸಂಕಟವಾಗಿದ್ದೀತು! ಬೇಸಿಗೆಯ ವೇಳೆಗೆ ಒಕಾಕಿನ ಮನೆಗಳನ್ನು ಸುಟ್ಟು, ವಿಧವೆಯರೂ ಅನಾಥರೂ ನೇನ್, ಹೋಪ್‌ಡೇಲ್, ಹೆಬ್ರಾನುಗಳಿಗೆ ಹಂಚಿಹೋದರು. 1776ರಲ್ಲಿ ಸ್ಥಾಪಿತವಾದ ಆ ನೆಲೆಯು ಮತ್ತೆ ತೆರೆಯಲಿಲ್ಲ.

ಆಸ್ಬೋ, ಪೆರೆಟ್ ಇವರ ಧೈರ್ಯವನ್ನು ಕೊಂಡಾಡುವವರು, ಆ ಧೈರ್ಯದ ಅಗತ್ಯವೇ ಬಾರದಂತೆ ಮಾಡುವುದು ಅಸಾಧ್ಯವೇನೂ ಆಗಿರಲಿಲ್ಲವೆಂಬುದನ್ನು ಮರೆಯಬಾರದು. ಒಕಾಕಿನಲ್ಲಿ ಹಾರ್ಮೊನಿ ಲಂಗರು ಹಾಕಿದ ಮೂರು ದಿನಗಳಿಗೆ, ಪೆಸಿಫಿಕ್ಕಿನ ಪಶ್ಚಿಮ ಸಮೋವದ ಏಪಿಯಾ ಬಂದರಿಗೆ ‘ತಲೂನೆ’ ಎಂಬ ಹಡಗು ಯಾವ ನಿರ್ಬಂಧವೂ ಇಲ್ಲದೆ ಬಂದು, ಅಲ್ಲಿಯ ಜನರಲ್ಲಿ ಐದರಲ್ಲೊಂದು ಪಾಲಿಗೂ ಹೆಚ್ಚು ಮಂದಿಯ ಸಾವಿಗೆ ಕಾರಣವಾಯಿತು. ನೆರೆಯ ಅಮೆರಿಕನ್ ಸಮೋವದಲ್ಲಾದರೋ ಗವರ್ನರ್ ಜಾನ್ ಪಾಯರ್ ಹಡಗುಗಳನ್ನು ದೂರ ತಡೆದು ನಿಲ್ಲಿಸಿದುದರಿಂದ ಒಂದು ಸಾವೂ ಸಂಭವಿಸಲಿಲ್ಲ. ಪಾಯರನ ಕೃತ್ಯದಲ್ಲಿ ಕಣ್ಣೀರು ತರಿಸುವಂಥದೇನೂ ಇಲ್ಲ. ಆದರೂ ನನ್ನ ತೂಕದಲ್ಲಿ ಅದೇ ಮೇಲಾದ ಸೇವೆ.

ಸೇವೆಗೆಂದು ಉಳಿಯುವುದೋ, ರೋಗ ಹರಡದಂತೆ ದೂರ ಸರಿಯುವುದೋ ಎಂಬ ಪ್ರಶ್ನೆಯು 2020ರಲ್ಲಿ ‘ಆಫ್ರಿಕಾ ಮರ್ಸಿ’ ಎಂಬ ಹಡಗಿನ ಮುಂದೆ ಬಂತು. ಮರ್ಸಿ ಷಿಪ್ಸ್ ಎಂಬ ಕ್ರೈಸ್ತ ಸಂಸ್ಥೆಯು ಡೆನ್ಮಾರ್ಕಿನ ಹಳೆಯ ರೈಲುದೋಣಿಯೊಂದನ್ನು ಪರಿವರ್ತಿಸಿ ಮಾಡಿಕೊಂಡ ಈ ತೇಲುವ ಆಸ್ಪತ್ರೆಯು, ಹಲವು ದೇಶಗಳಿಂದ ಬಂದ ಸ್ವಯಂಸೇವಕರೊಡನೆ ಸೆನೆಗಲ್ಲಿನ ಡಕಾರ್ ಬಂದರಿನಲ್ಲಿದ್ದು ಉಚಿತವಾಗಿ ಶಸ್ತ್ರಚಿಕಿತ್ಸೆಗಳನ್ನು ನಡೆಸುತ್ತಿತ್ತು. ವೈದ್ಯರಿಂದಲೇ ತುಂಬಿದ ನೌಕೆಯೊಂದು ಮಹಾಮಾರಿಯ ಹೊತ್ತಿನಲ್ಲಿ ಹೊರಟುಹೋಗುವುದೇ ಎಂದು ಕೇಳುವುದು ಸಹಜವಾದರೂ, ಇಕ್ಕಟ್ಟಾದ ಕೋಣೆಗಳಲ್ಲಿ ನೂರಾರು ಮಂದಿ ಒಟ್ಟಿಗೆ ಬಾಳುವ ಹಡಗಿನಲ್ಲಿ ಸೋಂಕು ಹೊಕ್ಕರೆ, ವೈದ್ಯನೇ ವ್ಯಾಧಿವಾಹಕನಾಗುವ ಸಂಭವವಿತ್ತು. ಮಾರ್ಚ್ ತಿಂಗಳಲ್ಲಿ ಸೇವೆಯನ್ನು ಅರ್ಧಕ್ಕೆ ನಿಲ್ಲಿಸಿ, ಅದು ಟೆನರೀಫ್ ದ್ವೀಪದತ್ತ ಸಾಗಿತು. 2022ರಲ್ಲಿ ಮತ್ತೆ ಡಕಾರಿಗೆ ಬಂದು, ಬಿಟ್ಟುಹೋಗಿದ್ದ ಚಿಕಿತ್ಸೆಗಳನ್ನು ಕೈಗೆತ್ತಿಕೊಂಡಿತು.